ಕುರ್ಚಿಯಿಂದ ಏಳುವುದಕ್ಕೊಂದು ಪದ

ಕ, ಖ, ಗ, ಘ ಆದಮೇಲೆ ಬರುವ 'ಙ' ಅಕ್ಷರವನ್ನು ನಾವೆಲ್ಲ ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿದವರೇ. ಆಮೇಲೆ ಅದನ್ನು ಬರೆದವರು ಅಪರೂಪ. ಅಂಕ, ಶಂಖ, ಗಂಗೆಗಳಲ್ಲಿ ಆ ಸದ್ದು ಇದ್ದೇ ಇದೆ. ಆದರೆ ಬರವಣಿಗೆಯಲ್ಲಿ ಸೊನ್ನೆ ಬಂದು ಅದರ ಜಾಗದಲ್ಲಿ ಕೂತಿದೆ. ಪೂರ್ವ ಆಫ್ರಿಕಾದ ಒಂದು ಪದವನ್ನು ಕನ್ನಡದಲ್ಲಿ ಬರೆಯಲು ಹೊರಟಾಗ ನನಗೆ ಈ ಅಕ್ಷರ ಬೇಕೇಬೇಕಾಯಿತು. ಆ ಪದ 'ಕುಙಾತುಕ'. ಯಾರೂ ದಬ್ಬದೆ, ಯಾರೂ ಹೇಳಿಕಳಿಸದೆ, ಹೊತ್ತಾಯಿತೆಂದು ತಾನಾಗಿ ತಿಳಿದ ಹಿರಿಯನೊಬ್ಬ ಕೈಯಲ್ಲಿದ್ದುದನ್ನು ಕಿರಿಯರಿಗೆ ಒಪ್ಪಿಸಿ ಎದ್ದುಹೋಗುವುದಕ್ಕೆ ಹಾಗೆನ್ನುತ್ತಾರೆ. ಇದು ವಿಕ್ಟೋರಿಯಾ ಸರೋವರದ ಪೂರ್ವ ದಂಡೆಯ ಬಳಿ ಬದುಕುವ ಝನಾಕಿ ಎಂಬ ಸಣ್ಣ ಬುಡಕಟ್ಟಿನ ಮಾತು.

ಈ ಮಾತನ್ನು ಒಂದು ಇಡೀ ದೇಶದ ಬಾಯಿಗೆ ತಂದವರು ಜೂಲಿಯಸ್ ಕಂಬರಾಗೆ ನ್ಯೆರೆರೆ. 1961ರ ಡಿಸೆಂಬರ್ 9ರಂದು ಬ್ರಿಟಿಷರಿಂದ ಬಿಡುಗಡೆ ಪಡೆದ ಟಾಂಗನಿಕಾದ, ಮುಂದೆ ಜಾಂಜಿಬಾರ್ ಸೇರಿ ಟಾಂಜಾನಿಯಾ ಆದ ದೇಶದ, ಮೊದಲ ನಾಯಕ. 1985ರ ನವೆಂಬರ್‌ನಲ್ಲಿ ರಾಷ್ಟ್ರಾಧ್ಯಕ್ಷರ ಕುರ್ಚಿಯಿಂದ ಅವರು ತಾವಾಗಿ ಎದ್ದರು. ಆಗ ಅವರಿಗೆ 63 ವರ್ಷ. ಚುನಾವಣೆಯಲ್ಲಿ ಸೋತಿರಲಿಲ್ಲ, ಸೈನ್ಯ ಬಂದು ಇಳಿಸಿರಲಿಲ್ಲ. ಇನ್ನೂ ಇರಿ ಎನ್ನುವವರು ಸುತ್ತ ಬೇಕಾದಷ್ಟಿದ್ದರು.

ಸ್ವಾತಂತ್ರ್ಯ ತಂದುಕೊಟ್ಟವರ ಬದುಕನ್ನು ಧ್ವಜ ಏರಿದ ಮಧ್ಯರಾತ್ರಿಗೆ ನಿಲ್ಲಿಸಿ ಓದುವುದು ನಮ್ಮ ರೂಢಿ. ಜೈಲು, ಮೆರವಣಿಗೆ, ಭಾಷಣ, ಧ್ವಜ. ಅಲ್ಲಿಗೆ ಪಾಠ ಮುಗಿಯುತ್ತದೆ. ಆದರೆ ಆ ರಾತ್ರಿ ಕಳೆದು ಬೆಳಗಾದಾಗ ಅದೇ ಮನುಷ್ಯನ ಕೈಗೆ ಪೊಲೀಸು, ಖಜಾನೆ, ಸೈನ್ಯ, ರೇಡಿಯೊ ಎಲ್ಲವೂ ಬರುತ್ತವಲ್ಲ, ಅಲ್ಲಿಂದ ಮುಂದಿನ ಕಥೆಯೇ ಹೆಚ್ಚು ಕಷ್ಟದ್ದು. ಗಾನಾದ ಕ್ವಾಮೆ ಎನ್‌ಕ್ರುಮಾ 1957ರಲ್ಲಿ ಇಡೀ ಖಂಡವನ್ನು ರೋಮಾಂಚನಗೊಳಿಸಿದವರು. 1966ರ ಫೆಬ್ರುವರಿಯಲ್ಲಿ ಅವರು ವಿದೇಶ ಪ್ರವಾಸದಲ್ಲಿದ್ದಾಗ ಸೈನ್ಯ ಅವರನ್ನು ಇಳಿಸಿತು. ಮತ್ತೆ ಅವರು ತಾಯ್ನಾಡಿನ ನೆಲ ಮೆಟ್ಟಲಿಲ್ಲ. ಕೀನ್ಯಾದ ಜೋಮೊ ಕೆನ್ಯಾಟ 1978ರಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಮಲಾವಿಯ ಹೇಸ್ಟಿಂಗ್ಸ್ ಬಂಡಾ 1971ರಲ್ಲಿ ಆಜೀವ ಅಧ್ಯಕ್ಷರಾದರು; 1994ರ ಚುನಾವಣೆ ಅವರನ್ನು ಕೆಳಗಿಳಿಸಿತು. ಜಾಂಬಿಯಾದ ಕೆನೆತ್ ಕೌಂಡಾ 27 ವರ್ಷ ಆಳಿ 1991ರಲ್ಲಿ ಸೋತಾಗ ಜಗಳವಿಲ್ಲದೆ ಮನೆಗೆ ಹೋದರು, ಅದು ಅವರ ದೊಡ್ಡತನ. ಸೆನೆಗಲ್‌ನ ಕವಿ ಲಿಯೊಪೋಲ್ಡ್ ಸೆಂಘೋರ್ 1980ರ ಕೊನೆಯ ದಿನ ತಾವಾಗಿಯೇ ರಾಜೀನಾಮೆ ಕೊಟ್ಟರು. ಹಾಗಾಗಿ ನ್ಯೆರೆರೆ ಈ ದಾರಿಯಲ್ಲಿ ಮೊದಲಿಗರೇನಲ್ಲ. ಆದರೂ ನಾನು ಅವರನ್ನೇ ಆರಿಸಿಕೊಂಡಿದ್ದೇನೆ. ಅವರ ಬದುಕಿನಲ್ಲಿ ತಪ್ಪೂ ಒಪ್ಪೂ ಎರಡೂ ದೊಡ್ಡ ಅಳತೆಯವು, ಎರಡನ್ನೂ ಅವರು ಬಚ್ಚಿಡಲಿಲ್ಲ.

1922ರ ಏಪ್ರಿಲ್ 13ರಂದು ಬುಟಿಯಾಮ ಎಂಬ ಹಳ್ಳಿಯಲ್ಲಿ ಜೋರು ಮಳೆ ಬರುತ್ತಿದ್ದಾಗ ಹುಟ್ಟಿದ ಮಗುವಿಗೆ ಮಳೆಯ ದೈವದ ಹೆಸರನ್ನೇ ಇಟ್ಟರು: ಕಂಬರಾಗೆ. ಅಪ್ಪ ಬುರಿಟೊ ಝನಾಕಿಗಳ ಮುಖಂಡ, ಇಪ್ಪತ್ತೆರಡು ಹೆಂಡಿರ ಯಜಮಾನ. ಕಂಬರಾಗೆಯ ತಾಯಿ ಮುಗಾಯ ಐದನೆಯವಳು. ಹುಡುಗ ಆಡು ಕಾಯುತ್ತ ಬೆಳೆದ. ಕುಲದ ಪದ್ಧತಿಯಂತೆ ಮುಂದಿನ ಹಲ್ಲುಗಳನ್ನು ಅರದಿಂದ ಉಜ್ಜಿ ಚೂಪು ಮಾಡಿದ್ದರು. ಆ ಹಲ್ಲು ಮುಂದೆ ವಿಶ್ವಸಂಸ್ಥೆಯಲ್ಲಿ ಮಾತಾಡುವಾಗಲೂ ಹಾಗೆಯೇ ಇತ್ತು. ಹನ್ನೆರಡನೇ ವಯಸ್ಸಿಗೆ, ಸುಮಾರು 40 ಕಿ.ಮೀ. ದೂರದ ಮುಸೋಮಾದ ಶಾಲೆಗೆ ಸೇರಿದ. ಅಲ್ಲಿಂದ ತಬೋರಾದ ಸರ್ಕಾರಿ ಶಾಲೆ, ಆಮೇಲೆ ಉಗಾಂಡಾದ ಮಕೆರೆರೆ ಕಾಲೇಜು. ಮಕೆರೆರೆಯಲ್ಲಿ ಜಾನ್ ಸ್ಟುವರ್ಟ್ ಮಿಲ್‌ನನ್ನು ಓದಿದ ಈ ಯುವಕ ಮಿಲ್ ಹೇಳಿದ್ದನ್ನು ತನ್ನ ಕುಲದ ಹೆಂಗಸರ ಬಾಳಿಗೆ ಹಚ್ಚಿ ಒಂದು ಪ್ರಬಂಧ ಬರೆದ. ಇಪ್ಪತ್ತೆರಡು ಹೆಂಡಿರ ಮನೆಯಲ್ಲಿ ತಾಯಿ ಏನು ಅನುಭವಿಸಿದ್ದಳೆಂದು ಅವನು ಕಣ್ಣಾರೆ ಕಂಡಿದ್ದ. 1949ರಲ್ಲಿ ಎಡಿನ್‌ಬರೋಗೆ ಹೋಗಿ, 1952ರಲ್ಲಿ ಪದವಿ ಪಡೆದು ಬಂದು, ದಾರ್ ಎಸ್ ಸಲಾಂ ಹತ್ತಿರದ ಪುಗು ಎಂಬಲ್ಲಿ ಕ್ಯಾಥೊಲಿಕ್ ಶಾಲೆಯಲ್ಲಿ ಮೇಷ್ಟ್ರಾದರು. ಮೇಷ್ಟ್ರಿಗೆ ಸ್ವಾಹಿಲಿಯಲ್ಲಿ 'ಮ್ವಾಲಿಮು' ಅನ್ನುತ್ತಾರೆ. ಪ್ರಧಾನಿಯಾದರು, ರಾಷ್ಟ್ರಾಧ್ಯಕ್ಷರಾದರು, ಆದರೆ ಜನ ಕೊನೆಯವರೆಗೂ ಅವರನ್ನು ಕರೆದದ್ದು ಮ್ವಾಲಿಮು ಎಂದೇ. ನಮ್ಮ ಹಳ್ಳಿಗಳಲ್ಲಿ ಊರಿಗೆ ಬಂದ ಒಳ್ಳೆಯ ಶಿಕ್ಷಕರೊಬ್ಬರು ನಿವೃತ್ತರಾಗಿ ಮೂವತ್ತು ವರ್ಷ ಕಳೆದರೂ 'ಮೇಷ್ಟ್ರು' ಆಗಿಯೇ ಉಳಿಯುತ್ತಾರಲ್ಲ, ಅದೇ ಸಲುಗೆ, ಅದೇ ಗೌರವ.

ಅವರು ಮೇಷ್ಟ್ರಾಗಿ ಬಂದ ನಾಡು ಎರಡು ಸಾಮ್ರಾಜ್ಯಗಳ ಕೈ ಬದಲಾಯಿಸಿತ್ತು. ಮೊದಲು ಜರ್ಮನ್ನರು. ಬಲವಂತದ ಹತ್ತಿ ಬೇಸಾಯ ತಾಳಲಾರದೆ 1905ರಲ್ಲಿ ದಕ್ಷಿಣದ ರೈತರು ದಂಗೆ ಎದ್ದರು. ಮಂತ್ರಿಸಿದ ನೀರು ಮೈಮೇಲೆ ಬಿದ್ದರೆ ಗುಂಡು ನೀರಾಗುತ್ತದೆಂಬ ನಂಬಿಕೆಯಿಂದ 'ಮಾಜಿ, ಮಾಜಿ' (ನೀರು, ನೀರು) ಎನ್ನುತ್ತ ಮೆಷಿನ್‌ಗನ್ನಿಗೆ ಎದುರಾದರು. ಜರ್ಮನ್ನರು ಬೆಳೆ ಸುಟ್ಟು, ಕಣಜ ಬರಿದು ಮಾಡಿ ಊರೂರುಗಳನ್ನು ಹಸಿವಿನಿಂದ ಕೊಂದರು. ಸತ್ತವರ ಲೆಕ್ಕ 75,000 ಎನ್ನುವವರೂ ಇದ್ದಾರೆ, 3 ಲಕ್ಷ ಎನ್ನುವವರೂ ಇದ್ದಾರೆ. ಮೊದಲ ಮಹಾಯುದ್ಧದ ಬಳಿಕ ನಾಡು ಬ್ರಿಟಿಷರ ಸುಪರ್ದಿಗೆ ಬಂತು, ಮೊದಲು ರಾಷ್ಟ್ರಸಂಘದ ಹೆಸರಿನಲ್ಲಿ, ಆಮೇಲೆ ವಿಶ್ವಸಂಸ್ಥೆಯ ಹೆಸರಿನಲ್ಲಿ. ಈ ಎರಡನೆಯದು ನ್ಯೆರೆರೆಗೆ ಅನುಕೂಲವಾಯಿತು. ಬ್ರಿಟಿಷರು ಇಲ್ಲಿ ಒಡೆಯರಲ್ಲ, ಬರೀ ಉಸ್ತುವಾರಿಯವರು. ಹಾಗಾಗಿ ದೂರನ್ನು ನ್ಯೂಯಾರ್ಕಿಗೇ ಒಯ್ಯಬಹುದಿತ್ತು. 1955ರಲ್ಲಿ ಅವರು ಹಾಗೆಯೇ ಮಾಡಿದರು.

ಅದಕ್ಕೆ ಒಂದು ವರ್ಷ ಮೊದಲು, 1954ರ ಜುಲೈ 7ರಂದು, ಬೆರಳೆಣಿಕೆಯ ಗೆಳೆಯರೊಡನೆ ಅವರು 'ಟಾನು' ಪಕ್ಷ ಕಟ್ಟಿದ್ದರು. ಶಾಲೆಯೋ ಪಕ್ಷವೋ ಎಂಬ ಪ್ರಶ್ನೆ ಎದುರಾದಾಗ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮದುವೆಯಾಗಿ ಎರಡು ವರ್ಷ, ಸಂಸಾರ ಬೆಳೆಯುತ್ತಿತ್ತು, ಸಂಬಳ ನಿಂತಿತು. ಊರಿಗೆ ಮರಳಿ ಮಿಷನ್ ಪಾದ್ರಿಗಳಿಗೆ ಝನಾಕಿ ಭಾಷೆ ಕಲಿಸಿಕೊಟ್ಟು ಕೆಲಕಾಲ ದಿನ ದೂಡಿದರು.

ಪಕ್ಷವನ್ನು ಊರೂರಿಗೆ ಹರಡಿದವರು ಅವರೊಬ್ಬರೇ ಎಂದರೆ ಅನ್ಯಾಯವಾಗುತ್ತದೆ. ದಾರ್ ಎಸ್ ಸಲಾಂನಲ್ಲಿ ಮದುವೆ ಮುಂಜಿಗಳಿಗೆ ಹಾಡುವ ಹೆಂಗಸರ ಮೇಳಗಳಿದ್ದವು. ಅಂಥ ಒಂದು ಮೇಳದ ಮುಖ್ಯ ಗಾಯಕಿ ಬೀಬಿ ಟೀಟಿ ಮೊಹಮ್ಮದ್. ಹೆಚ್ಚು ಓದಿದವರಲ್ಲ, ಆದರೆ ಮಾತಿಗೆ ನಿಂತರೆ ಸಾವಿರ ಜನ ಸುಮ್ಮನೆ ಕೇಳುತ್ತಿದ್ದರು. ಸರ್ಕಾರಿ ನೌಕರಿಯಲ್ಲಿದ್ದ ಗಂಡಸರು ಪಕ್ಷದ ಚೀಟಿ ತೆಗೆದುಕೊಳ್ಳಲು ಹೆದರುತ್ತಿದ್ದಾಗ ಮೇಳಗಳ ಹೆಂಗಸರು ಸಾವಿರಗಟ್ಟಲೆ ಸದಸ್ಯರಾದರು. ಹಾಡಿನ ಜೊತೆಗೆ ಸುದ್ದಿಯೂ ಕೇರಿಯಿಂದ ಕೇರಿಗೆ ಹೋಯಿತು. ಇದೇ ಬೀಬಿ ಟೀಟಿಯನ್ನು 1969ರಲ್ಲಿ ಸರ್ಕಾರ ಉರುಳಿಸುವ ಸಂಚಿನ ಆರೋಪದಲ್ಲಿ ಬಂಧಿಸಿ, ಜೀವಾವಧಿ ಶಿಕ್ಷೆ ವಿಧಿಸಲಾಯಿತು, 1972ರಲ್ಲಿ ಬಿಡುಗಡೆಯಾಯಿತು. ನ್ಯೆರೆರೆಯವರ ಕಥೆ ಹೇಳುವಾಗ ಈ ಸಾಲನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಬ್ರಿಟಿಷರು ಹೊರಡುವ ಮುನ್ನ ಒಂದು ವಿಚಿತ್ರ ಚುನಾವಣೆ ಇಟ್ಟರು. ಆಫ್ರಿಕನ್ನರು 90 ಲಕ್ಷದಷ್ಟು, ಭಾರತ ಮೂಲದವರು ಸೇರಿ ಏಷ್ಯನ್ನರು ಲಕ್ಷದ ಆಸುಪಾಸು, ಐರೋಪ್ಯರು 20,000 ಇರಬಹುದು. ಮೂವರಿಗೂ ಸಮ ಸ್ಥಾನ. ಪ್ರತಿ ಮತದಾರ ಮೂರು ವೋಟು ಹಾಕಬೇಕು: ಒಂದು ಕರಿಯನಿಗೆ, ಒಂದು ಏಷ್ಯನ್ನನಿಗೆ, ಒಂದು ಬಿಳಿಯನಿಗೆ. ಹಾಕದಿದ್ದರೆ ವೋಟೇ ರದ್ದು. ಮತದಾನದ ಹಕ್ಕಿಗೂ ಆದಾಯದ, ಓದಿನ ಷರತ್ತು. ಇದು ಅವಮಾನ, ಬಹಿಷ್ಕರಿಸೋಣ ಎಂದು ಪಕ್ಷದ ಬಹುಪಾಲು ಜನ ಕುದಿಯುತ್ತಿದ್ದರು. 1958ರ ಜನವರಿಯಲ್ಲಿ ತಬೋರಾದಲ್ಲಿ ಸಭೆ ಸೇರಿತು. ನ್ಯೆರೆರೆ ದಿನಗಟ್ಟಲೆ ವಾದಿಸಿ ಸಭೆಯನ್ನು ತಿರುಗಿಸಿದರು. ಹೊಲದಲ್ಲಿ ಕೆಸರಿದೆಯೆಂದು ನಾಟಿಗೆ ಇಳಿಯದವನು ಬೆಳೆಯನ್ನೂ ಕಾಣುವುದಿಲ್ಲ ಎಂಬ ರೈತನ ತರ್ಕವೇ ಅವರದೂ ಆಗಿತ್ತು. ಮೂರೂ ಜನಾಂಗಗಳಲ್ಲಿ ತಮ್ಮನ್ನು ಒಪ್ಪುವವರನ್ನು ಟಾನು ಹುಡುಕಿ ಬೆಂಬಲಿಸಿತು. ಗುಜರಾತಿ ಮನೆತನದ ಅಮೀರ್ ಜಮಾಲ್, ಐರೋಪ್ಯರಲ್ಲಿ ಡೆರೆಕ್ ಬ್ರೈಸನ್ ಹೀಗೆ ಗೆದ್ದುಬಂದರು. ಜನಾಂಗ ಜನಾಂಗವನ್ನು ಬೇರೆ ಇಡಲು ಕಟ್ಟಿದ ಗೋಡೆಯೊಳಗೇ ಎಲ್ಲರನ್ನೂ ಒಂದು ಪಕ್ಷ ಗೆದ್ದುಕೊಂಡಿತು. 1960ರ ಚುನಾವಣೆಯಲ್ಲಿ 71ರಲ್ಲಿ 70 ಸ್ಥಾನ ಟಾನುವಿನದು. ತಬೋರಾದ ತೀರ್ಮಾನಕ್ಕೆ ಸಿಟ್ಟಾಗಿ ಪಕ್ಷ ಬಿಟ್ಟು ಹೋಗಿದ್ದ ಝುಬೇರಿ ಮ್ಟೆಮ್ವು 1962ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಎದುರಾಗಿ ನಿಂತಾಗ ನೂರಕ್ಕೆ ಎರಡು ಮತವೂ ಸಿಗಲಿಲ್ಲ.

ಸ್ವಾತಂತ್ರ್ಯಕ್ಕೆ ಎರಡು ತಿಂಗಳು ಮೊದಲು, ಪೌರತ್ವದ ಮಸೂದೆ ಚರ್ಚೆಗೆ ಬಂದಾಗ, ಅವರದೇ ಪಕ್ಷದ ಶಾಸಕರು ಎದ್ದು ನಿಂತು ಕರಿಯರಿಗೆ ಮಾತ್ರ ಪೌರತ್ವ ಕೊಡಿ ಎಂದರು. ಆ ಸದನದಲ್ಲಿ ನ್ಯೆರೆರೆ ಎಂದೂ ಇಲ್ಲದ ಸಿಟ್ಟಿನಿಂದ ಮಾತಾಡಿದರು. ಮೈಬಣ್ಣ ನೋಡಿ ಹಕ್ಕು ಹಂಚುವುದನ್ನು ಹಿಟ್ಲರನ ದಾರಿಗೆ ಹೋಲಿಸಿದರು, ಮಸೂದೆ ಬಿದ್ದರೆ ಸರ್ಕಾರವೇ ರಾಜೀನಾಮೆ ಕೊಡುತ್ತದೆಂದರು. ಮಸೂದೆ ಉಳಿಯಿತು. ಗೆಲುವಿನ ಹೊಸ್ತಿಲಲ್ಲಿ, ಸ್ವಂತ ಜನರ ಚಪ್ಪಾಳೆಗೆ ವಿರುದ್ಧವಾಗಿ ನಿಂತು ಅಲ್ಪಸಂಖ್ಯಾತರ ಪರವಾಗಿ ಮಾತಾಡುವ ನಾಯಕರು ಆ ಕಾಲದಲ್ಲೂ ಕಡಿಮೆ, ಈ ಕಾಲದಲ್ಲೂ ಕಡಿಮೆ.

ಸ್ವಾತಂತ್ರ್ಯ ಬಂದು ಆರು ವಾರ ಕಳೆದಿತ್ತು ಅಷ್ಟೆ. 1962ರ ಜನವರಿ 22ರಂದು ಅವರು ಪ್ರಧಾನಿ ಹುದ್ದೆಯನ್ನು ರಶೀದಿ ಕವಾವಾ ಅವರಿಗೆ ಬಿಟ್ಟುಕೊಟ್ಟು ಪಕ್ಷ ಕಟ್ಟಲು ಹಳ್ಳಿಗಳ ಕಡೆ ನಡೆದರು. ಅದೇ ದಿನಗಳಲ್ಲಿ ಷೇಕ್ಸ್‌ಪಿಯರನ 'ಜೂಲಿಯಸ್ ಸೀಸರ್' ನಾಟಕವನ್ನು ಸ್ವಾಹಿಲಿಗೆ ತಂದರು, 1963ರಲ್ಲಿ ಅದು ಅಚ್ಚಾಯಿತು. ಆಮೇಲೆ 1969ರಲ್ಲಿ 'ಮರ್ಚೆಂಟ್ ಆಫ್ ವೆನಿಸ್' ಬಂತು, 'ಮಬೆಪಾರಿ ವಾ ವೆನಿಸಿ' ಎಂಬ ಹೆಸರಿನಲ್ಲಿ. 'ಮಬೆಪಾರಿ' ಎಂದರೆ ಬಂಡವಾಳಗಾರರು; ಮೂಲ ಬೇರಿನಲ್ಲಿ ನಮ್ಮ 'ವ್ಯಾಪಾರಿ'ಯೇ ಕೂತಿದೆ. ಕುವೆಂಪು ಷೇಕ್ಸ್‌ಪಿಯರನ ನಾಟಕಗಳನ್ನು ಆಧರಿಸಿ 'ಬಿರುಗಾಳಿ', 'ರಕ್ತಾಕ್ಷಿ' ಬರೆದಾಗ ಕನ್ನಡಕ್ಕೆ ಎಲ್ಲವೂ ಸಾಧ್ಯವೆಂಬ ನಂಬಿಕೆ ನಮ್ಮವರಲ್ಲಿ ಬಲಿಯುತ್ತಿತ್ತು. ಸೇವಕರ ಭಾಷೆ, ಸಂತೆಯ ಭಾಷೆ ಎಂದು ಬಿಳಿಯರು ಉಡಾಫೆ ಮಾಡುತ್ತಿದ್ದ ಸ್ವಾಹಿಲಿಯಲ್ಲಿ ಷೇಕ್ಸ್‌ಪಿಯರನ ಪದ್ಯ ಉಸಿರಾಡಬಲ್ಲದೆಂದು ತೋರಿಸುವ ಹಟ ಮ್ವಾಲಿಮು ಅವರದು. ದೇಶ ಆಳುವ ಕೆಲಸದ ನಡುವೆ ಅನುವಾದಕ್ಕೆ ಕೂತವರನ್ನು ಕಂಡರೆ ನನಗೆ ವಿಶೇಷ ಪ್ರೀತಿ.

ಸ್ವಾಹಿಲಿಯ ವಿಷಯಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನ ಮಟ್ಟಿಗೆ ಅವರ ಬದುಕಿನ ಅತಿ ದೊಡ್ಡ ಕೆಲಸ ಇದೇ. ಆ ದೇಶದಲ್ಲಿ 120ಕ್ಕೂ ಹೆಚ್ಚು ಬುಡಕಟ್ಟುಗಳು, ಅಷ್ಟೇ ಮಾತುಗಳು. ಸ್ವಾಹಿಲಿ ಕರಾವಳಿಯ ವ್ಯಾಪಾರದ ಭಾಷೆ; ಮೈ ಬಂಟು, ಪದಗಳಲ್ಲಿ ಅರಬ್ಬಿ ಬಹಳ, ಜೊತೆಗೆ ಸಮುದ್ರ ದಾಟಿ ಹೋದ ನಮ್ಮ ಕಡೆಯ ಪದಗಳೂ ಉಂಟು. ಅಲ್ಲಿ ವಾಹನಕ್ಕೆ 'ಗಾರಿ', ಅಂಗಡಿಗೆ 'ದುಕಾ', ವಿಮೆಗೆ 'ಬಿಮಾ', ಲಕ್ಷಕ್ಕೆ 'ಲಾಕಿ', ಚಪಾತಿಗೆ ಚಪಾತಿಯೇ. ಜರ್ಮನ್ನರು ಆಡಳಿತದ ಅನುಕೂಲಕ್ಕೆ ಇದನ್ನು ಒಳನಾಡಿಗೂ ಒಯ್ದಿದ್ದರು. ಟಾನುವಿನ ಸಭೆಗಳು ನಡೆದದ್ದು ಇದರಲ್ಲೇ. ಯಾವ ದೊಡ್ಡ ಬುಡಕಟ್ಟಿನ ಸೊತ್ತೂ ಅಲ್ಲದ್ದರಿಂದ ಯಾರಿಗೂ ಇದರ ಮೇಲೆ ಹೊಟ್ಟೆಕಿಚ್ಚಿರಲಿಲ್ಲ. ನ್ಯೆರೆರೆ ಇದನ್ನು ಸಂಸತ್ತಿನ, ಕಚೇರಿಯ, ಕೆಳ ನ್ಯಾಯಾಲಯದ, ಪ್ರಾಥಮಿಕ ಶಾಲೆಯ ಭಾಷೆಯಾಗಿಸಿದರು. 1967ರಲ್ಲಿ ರಾಷ್ಟ್ರೀಯ ಸ್ವಾಹಿಲಿ ಮಂಡಳಿ ಕಟ್ಟಿದರು. ಪಾರಂಪರಿಕ ಮುಖಂಡರ ಅಧಿಕಾರವನ್ನು 1963ರಲ್ಲೇ ತೆಗೆದುಹಾಕಿದ್ದರು, ಸ್ವತಃ ಮುಖಂಡನ ಮಗನಾಗಿ. ಮಾಧ್ಯಮಿಕ ಶಾಲೆಯ ಹುಡುಗ ಹುಡುಗಿಯರನ್ನು ಬೇರೆ ಪ್ರಾಂತ್ಯಗಳ ವಸತಿ ಶಾಲೆಗಳಿಗೆ ಕಳಿಸುತ್ತಿದ್ದರು, ಅಧಿಕಾರಿಗಳನ್ನು ಸ್ವಂತ ಊರಿನಿಂದ ದೂರ ಹಾಕುತ್ತಿದ್ದರು. ಸರೋವರದ ದಂಡೆಯ ಹುಡುಗ ಕರಾವಳಿಯ ಹುಡುಗಿಯನ್ನು ಮೆಚ್ಚಿ ಮದುವೆಯಾದ, ಅವರ ಮನೆಯಲ್ಲಿ ಸ್ವಾಹಿಲಿ ಮನೆಮಾತಾಯಿತು. ನೆರೆಯ ಕೀನ್ಯಾದಲ್ಲಿ, ರುವಾಂಡಾದಲ್ಲಿ, ಬುರುಂಡಿಯಲ್ಲಿ, ಉಗಾಂಡಾದಲ್ಲಿ ಕುಲದ ಹೆಸರಿನಲ್ಲಿ ಹರಿದ ರಕ್ತ ಟಾಂಜಾನಿಯಾದಲ್ಲಿ ಹರಿಯಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ಈ ಭಾಷೆಯ ಪಾಲು ದೊಡ್ಡದು.

ಒಂದು ಕೆಲಸ ಮಾತ್ರ ಅರ್ಧಕ್ಕೆ ನಿಂತಿತು. ಪ್ರಾಥಮಿಕ ಶಾಲೆ ಸ್ವಾಹಿಲಿಯಲ್ಲಿ, ಅಲ್ಲಿಂದ ಮೇಲೆ ಇಂಗ್ಲಿಷಿನಲ್ಲಿ. ಏಳನೇ ತರಗತಿವರೆಗೆ ಚುರುಕಾಗಿ ಉತ್ತರ ಹೇಳುತ್ತಿದ್ದ ಮಗು ಎಂಟರಲ್ಲಿ ಬಾಯಿ ಮುಚ್ಚಿ ಕೂರುತ್ತದೆ. ಇದನ್ನು ಸರಿಪಡಿಸಬೇಕೆಂದು ಸಮಿತಿಗಳು ಹೇಳಿದರೂ ನ್ಯೆರೆರೆ ಇಂಗ್ಲಿಷನ್ನು ಕೈಬಿಡಲಿಲ್ಲ. ಕನ್ನಡ ಮಾಧ್ಯಮದ ಮಕ್ಕಳ ಕಷ್ಟ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಷರ ಕಲಿಸುವುದರಲ್ಲಿ ಅವರು ಮೇಷ್ಟ್ರೇ ಆಗಿ ಉಳಿದರು. ಬ್ರಿಟಿಷರು ಹೋಗುವಾಗ ದೇಶದಲ್ಲಿದ್ದದ್ದು ಇಬ್ಬರು ಎಂಜಿನಿಯರುಗಳು, 12 ವೈದ್ಯರು, ನೂರರಲ್ಲಿ 85 ಜನಕ್ಕೆ ಅಕ್ಷರವಿಲ್ಲ ಎಂದು ಅವರು ಕೊನೆಗಾಲದಲ್ಲಿ ನೆನಪಿಸಿಕೊಳ್ಳುತ್ತಿದ್ದರು. ಎಪ್ಪತ್ತರ ದಶಕದಲ್ಲಿ ವಯಸ್ಕರ ಶಿಕ್ಷಣದ ದೊಡ್ಡ ಚಳವಳಿಯೇ ನಡೆಯಿತು. ರೇಡಿಯೊ ಸುತ್ತ ಹಳ್ಳಿಯವರು ಗುಂಪು ಕೂತು ಆರೋಗ್ಯದ ಪಾಠ ಕೇಳಿದರು. ಅವರು ಅಧಿಕಾರ ಬಿಡುವ ಹೊತ್ತಿಗೆ ಓದು ಬರದವರು ನೂರಕ್ಕೆ ಹತ್ತರಷ್ಟು ಮಾತ್ರ ಎಂದು ಸರ್ಕಾರಿ ಲೆಕ್ಕ ಹೇಳುತ್ತಿತ್ತು.

1966ರ ಅಕ್ಟೋಬರ್‌ನಲ್ಲಿ ದಾರ್ ಎಸ್ ಸಲಾಂ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಓದು ಮುಗಿದ ಮೇಲೆ ಕಡಿಮೆ ಸಂಬಳದಲ್ಲಿ ರಾಷ್ಟ್ರೀಯ ಸೇವೆ ಮಾಡಬೇಕೆಂಬ ನಿಯಮದ ವಿರುದ್ಧ ಅವರ ಪ್ರತಿಭಟನೆ. ಮಂತ್ರಿಗಳ ಸಂಬಳ ದೊಡ್ಡದಿರುವಾಗ ನಮಗೇಕೆ ಈ ತ್ಯಾಗ ಎಂದು ಕೇಳಿದರು. ನ್ಯೆರೆರೆ ಕೇಳಿಸಿಕೊಂಡರು. ನೀವು ಹೇಳಿದ್ದು ನಿಜ, ನಮ್ಮ ಸಂಬಳ ಜಾಸ್ತಿ ಎಂದು ಒಪ್ಪಿ ನಿಂತ ನಿಲುವಿನಲ್ಲಿ ತಮ್ಮ ಸಂಬಳದ ಶೇ. 20ನ್ನು ಕಡಿತ ಮಾಡಿದರು. ಅದೇ ಉಸಿರಿನಲ್ಲಿ ಸುಮಾರು 400 ವಿದ್ಯಾರ್ಥಿಗಳನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿ ಊರಿಗೆ ಕಳಿಸಿದರು. ಇಡೀ ನ್ಯೆರೆರೆ ಈ ಒಂದು ಮಧ್ಯಾಹ್ನದಲ್ಲಿ ಇದ್ದಾರೆ. ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುವ ಪ್ರಾಮಾಣಿಕತೆ ಒಂದು ಕಡೆ, ಎದುರು ಮಾತಾಡಿದವರನ್ನು ತರಗತಿಯಿಂದ ಆಚೆ ನಿಲ್ಲಿಸುವ ಮೇಷ್ಟ್ರ ಬೆತ್ತ ಇನ್ನೊಂದು ಕಡೆ.

ಆ ಬೆತ್ತ ಹಳ್ಳಿಗಳ ಬೆನ್ನಿಗೆ ಬಿದ್ದದ್ದು ಹೀಗೆ. 1967ರ ಫೆಬ್ರುವರಿ 5ರಂದು ಅರುಷಾ ಘೋಷಣೆ ಹೊರಬಿತ್ತು. ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಾಯಕರಾದವರು ಎರಡು ಸಂಬಳ ಪಡೆಯುವಂತಿಲ್ಲ, ಮನೆ ಬಾಡಿಗೆಗೆ ಕೊಡುವಂತಿಲ್ಲ, ಕಂಪನಿಗಳಲ್ಲಿ ಷೇರು ಇಡುವಂತಿಲ್ಲ. ಹಳ್ಳಿಗೆ ಹೇಳಿದ ಮಂತ್ರ 'ಉಜಮಾ', ಒಂದೇ ಮನೆಯವರಂತೆ ಬಾಳುವುದು. ಚದುರಿ ಬಿದ್ದಿದ್ದ ಗುಡಿಸಲುಗಳು ಒಂದೆಡೆ ಸೇರಿದರೆ ಶಾಲೆ, ನೀರು, ಆಸ್ಪತ್ರೆ ಒದಗಿಸಬಹುದು ಎಂಬುದು ಲೆಕ್ಕ. ಅದರಲ್ಲಿ ತಪ್ಪೇನಿಲ್ಲ. ದಕ್ಷಿಣದ ರುವುಮಾ ಪ್ರಾಂತ್ಯದಲ್ಲಿ ಲಿಟೋವಾ ಮೊದಲಾದ ಹಳ್ಳಿಗಳ ರೈತರು ಘೋಷಣೆಗೆ ಮುಂಚೆಯೇ ತಾವಾಗಿ ಸಂಘ ಕಟ್ಟಿಕೊಂಡು ಹೀಗೆ ಕೂಡಿ ಬಾಳುತ್ತಿದ್ದರು. ತಮ್ಮ ಹೊಲ, ತಮ್ಮ ಶಾಲೆ, ತಮ್ಮದೇ ತೀರ್ಮಾನ. ನ್ಯೆರೆರೆ ಅವರನ್ನು ಮೆಚ್ಚಿಕೊಂಡಿದ್ದರು. ಆದರೆ ಯಾರ ಅಪ್ಪಣೆಗೂ ಕಾಯದ ಹಳ್ಳಿಗರು ಪಕ್ಷದ ಸ್ಥಳೀಯ ಧಣಿಗಳಿಗೆ ಹಿಡಿಸಲಿಲ್ಲ. 1969ರ ಸೆಪ್ಟೆಂಬರ್‌ನಲ್ಲಿ ಆ ಸಂಘವನ್ನು ಪಕ್ಷವೇ ವಿಸರ್ಜಿಸಿತು. ನ್ಯೆರೆರೆಯವರ ಕನಸಿನ ಜೀವಂತ ಉದಾಹರಣೆಯನ್ನು ಅವರ ಪಕ್ಷ ಕೊಂದಿತು, ಅವರು ಬಿಟ್ಟುಕೊಟ್ಟರು. ಉಜಮಾ ಸೋತದ್ದು ಎಪ್ಪತ್ತರ ದಶಕದ ಬರದಿಂದಲ್ಲ, ಆ ಸೆಪ್ಟೆಂಬರ್‌ನಲ್ಲಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

1971ರ ಕ್ರಿಸ್‌ಮಸ್ ದಿನ ಇರಿಂಗಾ ಪ್ರಾಂತ್ಯದ ಕಮಿಷನರ್ ಡಾ. ವಿಲ್ಬರ್ಟ್ ಕ್ಲೆರು ಉಜಮಾ ಜಾರಿಗೆ ಹೊಲಕ್ಕೆ ಹೋದಾಗ ಸಯೀದಿ ಮ್ವಾಮ್ವಿಂಡಿ ಎಂಬ ರೈತ ಅವರನ್ನು ಗುಂಡಿಟ್ಟು ಕೊಂದ. ಹೆಣವನ್ನು ತಾನೇ ವಾಹನದಲ್ಲಿ ಹಾಕಿಕೊಂಡು ಹೋಗಿ ಪೊಲೀಸರಿಗೆ ಶರಣಾದ. ಅವನಿಗೆ ನೇಣಾಯಿತು. ನೆಲ ಎಂದರೆ ರೈತನಿಗೆ ಏನು ಎಂದು ಆ ದಿನವಾದರೂ ಸರ್ಕಾರ ಕೇಳಿಕೊಳ್ಳಬೇಕಿತ್ತು. 1973ರ ನವೆಂಬರ್‌ನಲ್ಲಿ ಹಳ್ಳಿಗಳಲ್ಲಿ ಕೂಡಿ ಬಾಳುವುದು ಆಜ್ಞೆ ಎಂದು ನ್ಯೆರೆರೆ ಸಾರಿದರು. ಮುಂದಿನ ಮೂರು ವರ್ಷಗಳಲ್ಲಿ ಲಕ್ಷಾಂತರ ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ಸಾಗಿಸಿದರು. ಹಿಂದಿರುಗದಿರಲೆಂದು ಎಷ್ಟೋ ಕಡೆ ಹಳೆಯ ಮನೆಗಳಿಗೆ ಬೆಂಕಿ ಇಟ್ಟರು. ತಲೆಮಾರುಗಳಿಂದ ಗೊಬ್ಬರ ಹಾಕಿ ಹದ ಮಾಡಿದ ಬಾಳೆತೋಟ ಒಂದು ಕಡೆ, ಹೊಸ ಗುಡಿಸಲು ನೀರಿಲ್ಲದ ರಸ್ತೆಬದಿಯಲ್ಲಿ. ಮಳೆಯೂ ಕೈಕೊಟ್ಟಿತು, ಎಣ್ಣೆಯ ಬೆಲೆ ಏರಿತು. 1974ರ ಹೊತ್ತಿಗೆ ಕಾಳು ಬೆಳೆಯುವ ದೇಶ ಕಾಳನ್ನು ಹಡಗುಗಟ್ಟಲೆ ಹೊರಗಿನಿಂದ ತರಿಸಿತು.

ಭಾರತ ಮೂಲದವರ ಮಟ್ಟಿಗೆ 1971 ಇನ್ನೊಂದು ಕಾರಣಕ್ಕೆ ನೆನಪು. ಒಂದು ಲಕ್ಷ ಶಿಲ್ಲಿಂಗಿಗಿಂತ ಹೆಚ್ಚು ಬೆಲೆಯ ಬಾಡಿಗೆ ಕಟ್ಟಡಗಳನ್ನು ಸರ್ಕಾರ ವಶಪಡಿಸಿಕೊಂಡಿತು. ಕಾನೂನಿನಲ್ಲಿ ಜನಾಂಗದ ಹೆಸರಿರಲಿಲ್ಲ, ಆದರೆ ಪೇಟೆ ಬೀದಿಯ ಕಟ್ಟಡಗಳು ಯಾರವೆಂದು ಎಲ್ಲರಿಗೂ ಗೊತ್ತಿತ್ತು. ಸಾವಿರಾರು ಕುಟುಂಬಗಳು ದೇಶ ಬಿಟ್ಟವು. ಅದೇ ಸರ್ಕಾರದಲ್ಲಿ ಅಮೀರ್ ಜಮಾಲ್ ಹಣಕಾಸು ಮಂತ್ರಿಯಾಗಿ ವರ್ಷಗಟ್ಟಲೆ ದುಡಿದರು ಎಂಬುದೂ ನಿಜ.

ವಿಚಾರಣೆಯಿಲ್ಲದೆ ಬಂಧಿಸುವ ಕಾನೂನು 1962ರಲ್ಲೇ ಬಂದಿತ್ತು. 1964ರ ಜನವರಿಯಲ್ಲಿ ಸೈನಿಕರು ದಂಗೆಯೆದ್ದಾಗ ಅಧ್ಯಕ್ಷರು ತಲೆಮರೆಸಿಕೊಳ್ಳಬೇಕಾಯಿತು. ಹೊರಟುಹೋಗಿ ಎಂದಿದ್ದ ಬ್ರಿಟಿಷರನ್ನೇ ಕರೆಸಿ ದಂಗೆ ಅಡಗಿಸಬೇಕಾಗಿ ಬಂದ ಅವಮಾನವನ್ನು ಅವರು ಮರೆಯಲಿಲ್ಲ. ಮರುವರ್ಷ ಒಂದೇ ಪಕ್ಷದ ಆಡಳಿತ ಸಂವಿಧಾನದಲ್ಲಿ ಸೇರಿತು. ಸೆರೆಮನೆಯಲ್ಲಿ ಕೊಳೆತ ಹೆಸರುಗಳು ಎನ್‌ಕ್ರುಮಾ ಕಾಲದ ಗಾನಾದಷ್ಟು ಪ್ರಸಿದ್ಧವಾಗಲಿಲ್ಲ, ಅಷ್ಟೆ.

ಹೀಗಿದ್ದೂ ಅಕ್ಕಪಕ್ಕದ ದೇಶಗಳ ಬಿಡುಗಡೆಗೆ ಈ ಬಡ ದೇಶ ಕೊಟ್ಟದ್ದು ದೊಡ್ಡದು. ಮೊಜಾಂಬಿಕ್‌ನ ಫ್ರೆಲಿಮೊ ಹುಟ್ಟಿದ್ದು 1962ರಲ್ಲಿ ದಾರ್ ಎಸ್ ಸಲಾಂನಲ್ಲಿ. ಆಫ್ರಿಕನ್ ಏಕತಾ ಸಂಸ್ಥೆಯ ವಿಮೋಚನಾ ಸಮಿತಿಯ ಕಚೇರಿಯೂ ಅಲ್ಲೇ. ಮಂಡೇಲಾ 1962ರಲ್ಲಿ ಗುಟ್ಟಾಗಿ ದೇಶ ಬಿಟ್ಟು ಹೊರಟಾಗ ಅಲ್ಲಿಗೆ ಹೋಗಿ ನ್ಯೆರೆರೆಯವರನ್ನು ಕಂಡಿದ್ದರು. ರೊಡೇಶಿಯಾದ ಬಿಳಿಯರ ಏಕಪಕ್ಷೀಯ ಸ್ವಾತಂತ್ರ್ಯಕ್ಕೆ ಬ್ರಿಟನ್ ತಕ್ಕ ಉತ್ತರ ಕೊಡಲಿಲ್ಲವೆಂದು 1965ರಲ್ಲಿ ಬ್ರಿಟನ್ ಜೊತೆಗಿನ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡು ಬರಬೇಕಿದ್ದ ಸಾಲವನ್ನೂ ಕಳೆದುಕೊಂಡರು. 1978ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಗಡಿಯ ಕಗೇರಾ ಪ್ರದೇಶಕ್ಕೆ ನುಗ್ಗಿದಾಗ ಟಾಂಜಾನಿಯಾದ ಸೈನ್ಯ ಅವನನ್ನು ಹಿಮ್ಮೆಟ್ಟಿಸಿ, ಮರುವರ್ಷದ ಏಪ್ರಿಲ್‌ನಲ್ಲಿ ಕಂಪಾಲಾ ತನಕ ಹೋಗಿ ಓಡಿಸಿತು. ಆ ಯುದ್ಧದ ಖರ್ಚು ದೇಶದ ಬೆನ್ನು ಮುರಿಯಿತು. ಎಂಬತ್ತರ ದಶಕದ ಆರಂಭದಲ್ಲಿ ಸಾಬೂನಿಗೆ, ಸಕ್ಕರೆಗೆ, ಅಡುಗೆ ಎಣ್ಣೆಗೆ ಉದ್ದುದ್ದ ಸಾಲು. ಐಎಂಎಫ್ ಷರತ್ತುಗಳಿಗೆ ನ್ಯೆರೆರೆ ಬಗ್ಗಲಿಲ್ಲ. ಬೇರೆ ದಾರಿಯೂ ಅವರಲ್ಲಿ ಉಳಿದಿರಲಿಲ್ಲ.

ಇಂಥ ಹೊತ್ತಿನಲ್ಲಿ ಎಷ್ಟೋ ನಾಯಕರು ತಪ್ಪನ್ನು ಶತ್ರುಗಳ ತಲೆಗೆ ಕಟ್ಟಿ ಕುರ್ಚಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾರೆ. ನ್ಯೆರೆರೆ 1977ರಲ್ಲೇ, ಅರುಷಾ ಘೋಷಣೆಗೆ ಹತ್ತು ವರ್ಷ ತುಂಬಿದಾಗ, ಏನೇನು ಕೈಗೂಡಲಿಲ್ಲವೆಂದು ತಾವೇ ಕೂತು ಬರೆದಿದ್ದರು. ಹಳ್ಳಿ ಪಟ್ಟಣಗಳ ಸ್ಥಳೀಯ ಸಂಸ್ಥೆಗಳನ್ನೂ ರೈತರ ಸಹಕಾರ ಸಂಘಗಳನ್ನೂ ರದ್ದುಮಾಡಿದ್ದು ತಮ್ಮ ದೊಡ್ಡ ತಪ್ಪುಗಳೆಂದು 1984ರಲ್ಲಿ ಒಪ್ಪಿಕೊಂಡರು. ಅದೇ ವರ್ಷ ಅಧ್ಯಕ್ಷರಾದವರಿಗೆ ಐದೈದು ವರ್ಷಗಳ ಎರಡೇ ಅವಧಿ ಎಂಬ ತಿದ್ದುಪಡಿ ಸಂವಿಧಾನಕ್ಕೆ ಬಂತು. ಮರುವರ್ಷ ಎದ್ದರು. ಜಾಂಜಿಬಾರಿನ ಅಲಿ ಹಸನ್ ಮ್ವಿನ್ಯಿ ಅಧ್ಯಕ್ಷರಾದರು, 1986ರಲ್ಲಿ ಐಎಂಎಫ್ ಜೊತೆ ಒಪ್ಪಂದ ಮಾಡಿಕೊಂಡರು. ಪಕ್ಷದ ಅಧ್ಯಕ್ಷಗಿರಿಯನ್ನು ನ್ಯೆರೆರೆ 1990ರವರೆಗೆ ಉಳಿಸಿಕೊಂಡಿದ್ದರೆಂಬುದನ್ನೂ ಇಲ್ಲಿ ಹೇಳಲೇಬೇಕು. ಪೂರ್ತಿ ಏಳಲು ಅವರಿಗೂ ಐದು ವರ್ಷ ಹಿಡಿಯಿತು.

ಆಮೇಲೆ ಬುಟಿಯಾಮದ ಹೊಲ. ಬಡ ದೇಶಗಳ ಪರವಾಗಿ ರಚನೆಯಾದ ದಕ್ಷಿಣ ಆಯೋಗಕ್ಕೆ ಅವರು ಅಧ್ಯಕ್ಷರಾದಾಗ ಅದರ ಪ್ರಧಾನ ಕಾರ್ಯದರ್ಶಿಯಾಗಿದ್ದವರು ನಮ್ಮ ಮನಮೋಹನ ಸಿಂಗ್. ಭಾರತ ಸರ್ಕಾರದ ಗಾಂಧಿ ಶಾಂತಿ ಪ್ರಶಸ್ತಿ ಮೊಟ್ಟಮೊದಲು, 1995ರಲ್ಲಿ, ಸಂದದ್ದು ಅವರಿಗೇ. ತಾವೇ ತಂದ ಏಕಪಕ್ಷ ಪದ್ಧತಿ ಪಕ್ಷವನ್ನು ಸೋಮಾರಿಯಾಗಿಸಿದೆ, ಬೇರೆ ಪಕ್ಷಗಳು ಬರಲಿ ಎಂದು ತೊಂಬತ್ತರ ದಶಕದ ಆರಂಭದಲ್ಲಿ ಅವರು ಬಹಿರಂಗವಾಗಿ ವಾದಿಸಿದರು. 1992ರಲ್ಲಿ ಕಾನೂನು ಬದಲಾಯಿತು. ಬುರುಂಡಿಯ ಕುಲಯುದ್ಧ ನಿಲ್ಲಿಸುವ ಮಾತುಕತೆಯನ್ನು ಅರುಷಾದಲ್ಲಿ ನಡೆಸುತ್ತಿದ್ದಾಗಲೇ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡು, 1999ರ ಅಕ್ಟೋಬರ್ 14ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಬುಟಿಯಾಮದಲ್ಲಿ.

ಅವರ ನಂತರದ ಮೂವರು ಅಧ್ಯಕ್ಷರು, ಮ್ವಿನ್ಯಿ 1995ರಲ್ಲಿ, ಎಂಕಾಪಾ 2005ರಲ್ಲಿ, ಕಿಕ್ವೆಟೆ 2015ರಲ್ಲಿ, ಎರಡೆರಡು ಅವಧಿ ಮುಗಿಸಿ ಸದ್ದಿಲ್ಲದೆ ಎದ್ದು ಹೋದರು. 'ಕುಙಾತುಕ' ಈಗ ಸ್ವಾಹಿಲಿ ನಿಘಂಟಿನಲ್ಲಿರುವ ಪದ. ಆದರೆ ಆ ಪದ ವ್ಯಕ್ತಿಗಳಿಗೆ ಅನ್ವಯಿಸಿತೇ ಹೊರತು ಪಕ್ಷಕ್ಕೆ ಅನ್ವಯಿಸಲಿಲ್ಲ. ವಿರೋಧ ಪಕ್ಷದ ನಾಯಕ ತುಂಡು ಲಿಸ್ಸು ಅವರ ಮೇಲೆ 2017ರಲ್ಲಿ ದೊಡೋಮಾದಲ್ಲಿ ಗುಂಡಿನ ಮಳೆ ಸುರಿಯಿತು. ಬದುಕುಳಿದ ಅವರ ಮೇಲೆ 2025ರಲ್ಲಿ ದೇಶದ್ರೋಹದ ಮೊಕದ್ದಮೆ ಹೂಡಲಾಯಿತು. 1954ರ ಜುಲೈ 7ರಂದು ಹುಟ್ಟಿದ ಪಕ್ಷ 1977ರಲ್ಲಿ ಜಾಂಜಿಬಾರಿನ ಪಕ್ಷದೊಡನೆ ಸೇರಿ ಹೆಸರು ಬದಲಿಸಿಕೊಂಡಿತು. 1961ರಿಂದ ಇಂದಿನವರೆಗೆ ಟಾಂಜಾನಿಯಾವನ್ನು ಆಳುತ್ತಿರುವುದು ಅದೊಂದೇ.